ಎರಡನೆಯ ಪ್ರತಿಗೆ ಒಪ್ಪದವರು

ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಇವರನ್ನು ಎಲ್ಲರೂ ಕರೆಯುವುದು ಕೊಂಡಿ ಮೇಷ್ಟ್ರು ಎಂದೇ. ಕಡತದ ಮೂಲ ಒಂದೇ ಕಡೆ ಇರಬೇಕು, ಉಳಿದೆಡೆ ಅದರತ್ತ ಕೈತೋರಿಸುವ ಕೊಂಡಿ ಸಾಕು ಎಂಬುದು ಅವರ ಉಡದ ಪಟ್ಟು. ಆ ಕೊಂಡಿಗಳನ್ನು ಅವರು ತಮ್ಮ ಕಂಪ್ಯೂಟರಿನ ವಿಂಡೋಸ್ ಮೇಲೆ ಕೂರಿಸಿದ, ಯುನಿಕ್ಸ್ ಎಂಬ ಬೇರೆ ವ್ಯವಸ್ಥೆಯ ಪದರದಲ್ಲಿ ಮಾಡುತ್ತಾರೆ. ಪದರಕ್ಕೆ ಅವು ಅರ್ಥವಾಗುತ್ತವೆ, ವಾರ್ಡಿನ ವಿಂಡೋಸಿಗೆ ಆಗುವುದಿಲ್ಲ; ಸ್ಕ್ಯಾನ್ ತೆರೆಯಹೋದವರು ತಲೆ ಚಚ್ಚಿಕೊಳ್ಳುತ್ತಾರೆ. ದೂರಿದರೆ ಮೇಷ್ಟ್ರು "ನನ್ನ ಹತ್ರ ತೆರೀತಲ್ಲ?" ಎನ್ನುತ್ತಾರೆ. ಆಮೇಲೆ ಕೊಂಡಿಯ ರೂಪ ಬದಲಿಸುವ ಸೆಟ್ಟಿಂಗ್ ತಿದ್ದಿ, ಯುದ್ಧ ಗೆದ್ದವರಂತೆ ಚಹಾ ಕುಡಿಯಲು ಹೋಗುತ್ತಾರೆ. ಅದು ಹೊಸ ಕೊಂಡಿಗಳಿಗಷ್ಟೇ ಅನ್ವಯ. ಹಳೆಯವು ಜಪ್ಪಯ್ಯ ಎಂದರೂ ಬದಲಾಗುವುದಿಲ್ಲ. ಮೊನ್ನೆ ರೋಗಿಯನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಿದ ಮೇಲೂ ಸ್ಕ್ಯಾನ್ ತೆರೆಯಲಿಲ್ಲ. "ನಿಮ್ಮ ಕೊಂಡಿಗಿಷ್ಟು ಬೆಂಕಿ ಹಾಕ! ಒಂದು ಕಾಪಿ ಮಾಡಿ ಕೊಟ್ಬಿಡಿ ಅಣ್ಣಾ," ಎಂದು ಹಿರಿಯ ನರ್ಸ್ ರೇಗಿದರು. ಹಳೆಯ ಕೊಂಡಿ ಅಳಿಸಿ, ವಿಂಡೋಸಿಗೆ ತಿಳಿಯುವಂಥ ಹೊಸದನ್ನು ಮಾಡುತ್ತಲೇ ಮೇಷ್ಟ್ರು ತಲೆಯೆತ್ತದೆ ಹೇಳಿದರು: "ಕಾಪಿ ಮಾತ್ರ ಬೇಡ ಅಕ್ಕಾ. ನಮ್ಮಮ್ಮನ ಆಪರೇಷನ್ ದಿನ ಡಾಕ್ಟ್ರು ನೋಡಿದ್ದು ಹಳೇ ಕಾಪಿನ." ಸ್ಕ್ಯಾನ್ ತೆರೆದುಕೊಂಡಿತು. ನರ್ಸ್ ಮೊದಲು ಅದರ ತಾರೀಖು ಓದಿದರು.