ಫುಲ್ ಇನ್ಶೂರೆನ್ಸ್

ನನ್ನ ಕಾರಿಗೆ ವಿಮೆ ಮಾಡಿಸಿಕೊಟ್ಟವನು ಹುಣಸೂರಿನಲ್ಲಿ ಏಜೆಂಟನಾಗಿರುವ ನನ್ನ ಚಿಕ್ಕಪ್ಪನ ಮಗ. ಫಾರಂನಲ್ಲಿ ಇಂಜಿನ್ ರಕ್ಷಣೆ ಎಂಬ ಸಾಲಿನ ಮುಂದೆ ಖಾಲಿ ಚೌಕ ಕಂಡು, ಇದೂ ಬೇಕಲ್ಲವೇ ಎಂದು ಕೇಳಿದ್ದೆ.

"ಫುಲ್ ಇನ್ಶೂರೆನ್ಸ್ ಅಂದ್ಮೇಲೆ ಎಲ್ಲ ಬಂತು ಕಣಕ್ಕ, ಅದೆಲ್ಲ ನಿಂಗ್ಯಾಕೆ ಬುಡು," ಎಂದು ನಕ್ಕ. ನಮ್ಮ ಕಡೆ ಫುಲ್ ಎಂದರೆ ಎಲ್ಲವೂ ಎಂದೇ ಅರ್ಥ. ಸಹಿ ಹಾಕಿದೆ.

ಆ ಮಳೆಗಾಲ ಲಕ್ಷ್ಮಣತೀರ್ಥ ಹೊಳೆ ಉಕ್ಕಿ ರಸ್ತೆಗೆ ಬಂದಾಗ ಕಾರಿನ ಇಂಜಿನ್ನಿಗೆ ನೀರು ನುಗ್ಗಿ ಕೆಟ್ಟುಹೋಯಿತು. ಫೋನು ಮಾಡಿದರೆ ಅದೇ ನಗು. "ಇನ್ಶೂರೆನ್ಸ್ ಫುಲ್ಲೇ ಕಣಕ್ಕ. ನೀರು ನುಗ್ಗುದ್ರೆ ಮಾತ್ರ ಸೇರಲ್ಲ, ಅದು ಆಡ್-ಆನ್, ಬ್ಯಾರೆ ದುಡ್ಡು ಕಟ್ಬೇಕಿತ್ತು."

ರಿಪೇರಿಯ ದುಡ್ಡು ನಾನೇ ಕಟ್ಟಿದೆ. ಆ ಮಾತು ಮಾತ್ರ ಮರೆಯಲಿಲ್ಲ.

ವರ್ಷ ತುಂಬುವ ಮೊದಲೇ ಬೇರೆ ಏಜೆಂಟರ ಹತ್ತಿರ ಹೋಗಿ, ಇಂಜಿನ್ ಚೌಕಕ್ಕೆ ನನ್ನ ಕೈಯಾರೆ ಗುರುತು ಹಾಕಿ ಹೊಸ ಪಾಲಿಸಿ ಮಾಡಿಸಿಕೊಂಡೆ. ಅದು ತಿಳಿಯದೆ ಇವನು ರಿನ್ಯೂವಲ್ ಫಾರಂ ಹಿಡಿದು, ಸರಿಯಾಗಿ ಊಟದ ಹೊತ್ತಿಗೆ ಬಂದ. ಮನೆ ತುಂಬ ನಾಟಿಕೋಳಿ ಸಾರಿನ ಘಮಲು.

"ಕೂತ್ಕೊಳ್ಲಾ, ಫುಲ್ ಊಟ ಅದೆ," ಎಂದೆ. ತಟ್ಟೆಗೆ ಬಿಸಿ ರಾಗಿಮುದ್ದೆ ಇಟ್ಟು ಎದುರಿಗೆ ಕುಳಿತೆ.

ಅವನು ಒಲೆಯ ಕಡೆ ನೋಡಿದ. "ಸಾರು, ಅಕ್ಕ?"

"ಊಟ ಫುಲ್ಲೇ ಕಣ್ಲಾ. ಸಾರು ಮಾತ್ರ ಸೇರಲ್ಲ, ಅದು ಆಡ್-ಆನ್."

ತಮಾಷೆ ಎಂದುಕೊಂಡು ಒಂದು ತುತ್ತು ಮುರಿದು ನುಂಗಿದ. ಒಣಮುದ್ದೆ ಗಂಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಕುಡಿಯಲು ನೀರು ಕೊಡೆಂದು ಕೈಸನ್ನೆ ಮಾಡಿದ.

ನಾನು ಏಳಲಿಲ್ಲ. "ನೀರು ನುಗ್ಗುದ್ರೆ ಸೇರಲ್ಲ ಅಂತ ನೀನೇ ಅಂದಿದ್ದೆ ಕಣ್ಲಾ."