ತಂಗಿಯ ಪಾಲಿನ ಸಮುದ್ರ

ನನ್ನ ತಂಗಿ ಶೋಭಾ ಫೋನು ಮಾಡಿದಾಗಲೆಲ್ಲ ಅವಳ ಮಾತಿನ ಹಿಂದೆ ಸಮುದ್ರ ಮೊರೆಯುತ್ತಿರುತ್ತದೆ. ನನ್ನ ಮಾತಿನ ಹಿಂದೆ ಎಮ್ಮೆ ಕೂಗುತ್ತಿರುತ್ತದೆ. ನೀವೇ ಹೇಳಿ, ಹೊಟ್ಟೆ ಉರಿಯುವುದು ತಪ್ಪೇ? ಐನಾಪುರದಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಅವಳು ಕೊಂಕಣದ ಕಡಲತೀರಕ್ಕೆ ಸೊಸೆಯಾಗಿ ಹೋದಳು. ನಾನು ಅಪ್ಪನ ಕಬ್ಬು, ಅಪ್ಪನ ಗುಳಿಗೆ, ಅಪ್ಪನ ಸಿಡುಕುಗಳನ್ನು ಸಂಭಾಳಿಸುತ್ತ ಊರಲ್ಲೇ ಉಳಿದೆ. ಆದರೂ ಹಬ್ಬಕ್ಕೊಮ್ಮೆ ಬರುವ ಅವಳು ಅಪ್ಪನ ಬಾಯಲ್ಲಿ 'ನಮ್ಮ ಶೋಭಿ', ವರ್ಷವಿಡೀ ಎದುರಿಗಿರುವ ನಾನು ಹೆಸರೂ ಇಲ್ಲದ ಬರೀ 'ಬೇ'.

ಕಳೆದ ಚಳಿಗಾಲದಲ್ಲಿ ಅಪ್ಪನನ್ನು ಅವಳ ಮನೆಗೆ ಕರೆದೊಯ್ದಾಗ ಅವಳು ನಮಗೆ ಆ ಊರಿನ ಪುಟ್ಟ ನೌಕಾ ಸಂಗ್ರಹಾಲಯವನ್ನು ತೋರಿಸಿದಳು. ಎರಡೇ ಕೋಣೆ. ತುಕ್ಕು ಹಿಡಿದ ಲಂಗರು, ಗಾಜಿನೊಳಗಿನ ದಿಕ್ಸೂಚಿ, ಮಕ್ಕಳ ಆಟಿಕೆಯಂಥ ಹಾಯಿಹಡಗು. ಗೋಡೆಯ ಮೇಲೆ ಅವಳ ಮಾವನ ಅಜ್ಜ ಹಿಡಿದಿದ್ದ ದೋಣಿಯ ಹುಟ್ಟು, ಕೆಳಗೆ ಹಿತ್ತಾಳೆಯ ಫಲಕದಲ್ಲಿ ಆತನ ಹೆಸರು. ಅಪ್ಪ ಅದನ್ನು ಸವರಿ, "ಎಂಥಾ ಮನಿ ಸೇರಿದ್ಯವ್ವಾ ಶೋಭಿ!" ಎಂದ. ಸಮುದ್ರ ಸಾಲದೆಂದು ಗೋಡೆಯೂ ಅವಳ ಪಾಲಿಗೇ ಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

"ನಾವೂ ನೀರಾಗ ಬಿದ್ದ ಎದ್ದವರ ಅದೀವಪಾ," ಎಂದುಬಿಟ್ಟೆ, ತುಸು ಜೋರಾಗಿಯೇ.

ಸಂಗ್ರಹಾಲಯದಾತ ಮರಾಠಿಯಲ್ಲಿ ಅದೇನೆಂದು ಕೇಳಿದ. ಅಪ್ಪ ಮರಾಠಿಯಲ್ಲೇ ಹೇಳತೊಡಗಿದ. ಕೃಷ್ಣೆಗೆ ಮಹಾಪೂರ ಬಂದು ತೋಟದ ಮನೆ ಮುಳುಗಿದ ವರ್ಷ, ನಮ್ಮ ಕಡೆಯವರು ಮಾಡುವಂತೆ, ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗಿಳಿಸಿದ್ದೆವು. ಈಜು ಬಾರದ ಶೋಭಾ ಎರಡು ಆಡುಮರಿಗಳೊಂದಿಗೆ ಅದರೊಳಗೆ ಕೂತಿದ್ದಳು. ಕೊನೆಗೆ ಅಪ್ಪ ನನ್ನತ್ತ ಕೈ ಮಾಡಿ ನಮ್ಮ ಕನ್ನಡಕ್ಕೇ ಹೊರಳಿದ:

"ಆ ಕಡೆ ನಾ ಹಿಡಿದಿದ್ದೆ, ಈ ಕಡೆ ಇಕಿ. ಇಕಿ ಕೈ ಬಿಟ್ಟಿದ್ರ ಇವತ್ತ ನನಗ ಶೋಭಿ ಇರತಿರಲಿಲ್ರಿ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅಪ್ಪ ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಸಂಗ್ರಹಾಲಯದಾತ, ಆ ಕೊಪ್ಪರಿಗೆ ಕೊಟ್ಟರೆ ಹುಟ್ಟಿನ ಪಕ್ಕದಲ್ಲೇ ಇಟ್ಟು ನಿಮ್ಮಿಬ್ಬರ ಹೆಸರು ಬರೆಸುತ್ತೇನೆ ಎಂದಾಗ ನಾನು ಗೆದ್ದವಳ ಗತ್ತಿನಲ್ಲಿ ತಂಗಿಯತ್ತ ತಿರುಗಿದೆ. ಅವಳು ಅಲ್ಲಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಅವತ್ತ ನಾ ನಡುವ ಕುಂತಿದ್ದೆ ಅಕ್ಕಾ. ಅಪ್ಪ ನನ್ನ ಕಡೆ ಒಮ್ಮೆನೂ ನೋಡಲಿಲ್ಲ. 'ಗಟ್ಟಿ ಹಿಡಿ ಮಗಳ, ಗಟ್ಟಿ ಹಿಡಿ' ಅಂತ ದಂಡಿ ಮುಟ್ಟೂತನಾ ನಿನ್ನ ಮಾರಿನ ನೋಡಾಕತ್ತಿದ್ದ. ಅವತ್ತಿಂದ ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚ ಐತಿ."

ಅವಳನ್ನು ತಬ್ಬಿಕೊಂಡು ಸಮಾಧಾನ ಮಾಡಬೇಕಿತ್ತು. ತಬ್ಬಿಕೊಂಡೆ ಕೂಡ. ಆದರೆ ತಬ್ಬಿಕೊಂಡೇ ಅವಳ ಕಿವಿಯಲ್ಲಿ ಕೇಳಿದೆ:

"ಖರೇ ಹೇಳ ಶೋಭಿ, ಒಮ್ಮೆನೂ ನಿನ್ನ ಕಡೆ ನೋಡಲಿಲ್ಲಾ?"