ನನ್ನ ಸ್ಕ್ರೀನ್ ರೀಡರ್ ಕಳ್ಳನಾದ ಹಂಗಾಮು

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನನ್ನದು ಫೋನು ಎತ್ತುವ ಕೆಲಸ. ಬರೀ ಹಲೋ ಅಂದರೆ ಮುಗಿಯುವುದಿಲ್ಲ. ನಮಗೆ ಹೈಬ್ರಿಡ್ ಬೀಜ ಬೆಳೆದು ಕೊಡುವ ರೈತರು ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಯಾರ ಬದನೆ ಹೂವಿಗೆ ಬಂತು, ಯಾರಿಗೆ ಕ್ರಾಸಿಂಗ್ ಮಾಡಲು, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಲು, ಹೆಣ್ಣಾಳು ಸಿಗುತ್ತಿಲ್ಲ, ಯಾರ ಟೊಮ್ಯಾಟೊಗೆ ರೋಗ ಬಿತ್ತು ಎಂಬುದನ್ನೆಲ್ಲ ಕೇಳಿಕೊಂಡು ಕಂಪ್ಯೂಟರಿಗೆ ಹಾಕಿ, ಹೊಲಕ್ಕೆ ಹೋಗುವ ಸಿಬ್ಬಂದಿಗೆ ತಿಳಿಸಬೇಕು. ಯಾವ ಊರಿನ ಯಾರ ಹೊಲದಲ್ಲಿ ನಮ್ಮ ಯಾವ ತಳಿ ಇದೆ ಎಂಬುದು ಗುಟ್ಟು. ಓಣಿಗೊಂದು ಬೀಜದ ಕಂಪನಿ ಇರುವ ಊರಿನಲ್ಲಿ ಒಬ್ಬರ ರೈತರನ್ನು ಮತ್ತೊಬ್ಬರು ಸೆಳೆಯುವುದು ಇದ್ದದ್ದೇ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲೆ ಏನಿದೆ ಎಂಬುದನ್ನು ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಓದಿ ನನ್ನ ಇಯರ್‌ಫೋನಿಗೆ ಹೇಳುತ್ತದೆ. ನಾನು ಅದನ್ನು ಎಷ್ಟು ಜೋರಿನ ಓಟಕ್ಕೆ ಇಟ್ಟುಕೊಂಡಿದ್ದೇನೆಂದರೆ, ಒಮ್ಮೆ ಕುತೂಹಲಕ್ಕೆ ಕಿವಿಗೆ ಹಚ್ಚಿಕೊಂಡ ನಮ್ಮ ಮ್ಯಾನೇಜರ್ ಸಾಹೇಬರು ಸುಟ್ಟ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದವರಂತೆ ಕಿತ್ತು ಕೊಟ್ಟುಬಿಟ್ಟರು. ಅದು ಕನ್ನಡವೋ ಇಂಗ್ಲಿಷೋ ಎಂಬುದೂ ಅವರಿಗೆ ತಿಳಿಯಲಿಲ್ಲ.

ನಮ್ಮ ಮಾಲೀಕರು ಹಾವೇರಿಯ ಮುಖ್ಯ ಕಚೇರಿಯಲ್ಲಿ ಕೂರುತ್ತಾರೆ. ಒಂದು ಸಲ ಅವರು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ವ್ಯಾಪಾರಸ್ಥರ ಸಭೆಗೆ ಹೋಗಿ, ಚೆನ್ನಾಗಿ ಊಟ ಮಾಡಿ, ಚೆನ್ನಾಗಿ ಹೆದರಿಕೊಂಡು ಬಂದರು. ಕಂಪ್ಯೂಟರಿನೊಳಗೆ ಕಳ್ಳರು ನುಗ್ಗಿ ತಳಿಗಳ ಗುಟ್ಟನ್ನೆಲ್ಲ ಹೊತ್ತೊಯ್ಯುತ್ತಾರೆಂದು ಅಲ್ಲಿ ಯಾರೋ ಚಿತ್ರ ಸಮೇತ ತೋರಿಸಿದ್ದರಂತೆ. ತೋರಿಸಿದವರೇ ಅದಕ್ಕೆ ಮದ್ದನ್ನೂ ಮಾರುತ್ತಿದ್ದರು. ಮುಂದಿನ ಸೋಮವಾರದ ಹೊತ್ತಿಗೆ ನಮ್ಮ ಎಲ್ಲ ಕಂಪ್ಯೂಟರುಗಳಿಗೂ ಸೆಕ್ಯುರಿಟಿ ಸಾಫ್ಟ್‌ವೇರ್ ಬಂದು ಕೂತಿತ್ತು.

ಆ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದೆ. ನಮಸ್ಕಾರದಂತೆ ಒಂದು ಸದ್ದು ಬರಬೇಕಿತ್ತು, ಬರಲಿಲ್ಲ. ಇಯರ್‌ಫೋನು ಬದಲಿಸಿದೆ, ವೈರು ಅಲುಗಾಡಿಸಿದೆ, ಬಂದ್ ಮಾಡಿ ಮತ್ತೆ ಹಚ್ಚಿದೆ. ಕಾಣುವವರಿಗೆ ಕರೆಂಟು ಹೋದರೆ ಹೇಗಾಗುತ್ತದೋ ನನಗೆ ಹಾಗಾಯಿತು. ಆದರೆ ಕರೆಂಟು ಹೋದಾಗ ಇಡೀ ಓಣಿಯೇ ಬೈಯುತ್ತದೆ. ಇಲ್ಲಿ ಕತ್ತಲಾದದ್ದು ನನ್ನೊಬ್ಬಳಿಗೆ ಮಾತ್ರ. ಮ್ಯಾನೇಜರ್ ಸಾಹೇಬರನ್ನು ಕರೆದು ಪರದೆಯ ಮೇಲೆ ಏನಿದೆ ನೋಡಿ ಎಂದೆ.

"ಕೆಂಪನೂದು ಒಂದು ಡಬ್ಬಿ ಬಂದಿತ್ರಿ ಅಕ್ಕಾರ. ಏನೋ ಕೇಳಾಕತ್ತಿತ್ತು. ಓದೂದ್ರಾಗ ಹೋತು."

ಅದು ಕೇಳುತ್ತಿದ್ದದ್ದು ಇಷ್ಟೇ ಎಂದು ಆಮೇಲೆ ಗೊತ್ತಾಯಿತು: ಒಂದು ಪ್ರೋಗ್ರಾಂ ನಿಮ್ಮ ಪರದೆಯನ್ನು ಓದಲು ಯತ್ನಿಸುತ್ತಿದೆ, ಬಿಡಲೇ? ಹೌದು ಎಂದು ಒತ್ತಲು ಆ ಡಬ್ಬಿ ಕಾಣಬೇಕು. ಡಬ್ಬಿಯನ್ನು ನನಗೆ ಓದಿ ಹೇಳಬೇಕಾದ ಸ್ಕ್ರೀನ್ ರೀಡರ್ ಆ ಡಬ್ಬಿಯ ಅಪ್ಪಣೆಗೆ ಕಾಯುತ್ತ ಹೊರಗೆ ನಿಂತಿತ್ತು. ಯಾರೂ ಉತ್ತರ ಕೊಡದಿದ್ದರೆ ಅದನ್ನು ಕಳ್ಳ ಎಂದು ತಿಳಿದು ಕುತ್ತಿಗೆ ಹಿಸುಕುವುದು ಆ ಕಾವಲುಗಾರನ ಪದ್ಧತಿ.

ಮರುದಿನ ಹಾವೇರಿಯಿಂದ ಮುಖ್ಯ ಕಚೇರಿಯ ಕಂಪ್ಯೂಟರ್ ಇಂಜಿನಿಯರ್ ಬಂದರು. ತುಂಬಾ ಮರ್ಯಾದಸ್ಥ ಮನುಷ್ಯ. ಮೊದಲು ನನ್ನ ಇಯರ್‌ಫೋನಿಗೆ ತಮ್ಮ ಮೊಬೈಲು ಜೋಡಿಸಿ ಹಾಡು ಹಚ್ಚಿ, ಆವಾಜು ಸರಿಯಾಗಿದೆ ಎಂದರು. ಆಮೇಲೆ ದೊಡ್ಡ ಮಾನಿಟರ್ ಕೊಡಿಸುವ ಮಾತಾಡಿದರು. ನಾನು ಬೇಡ ಎಂದೆ.

"ಎಷ್ಟರ ಮಟ್ಟಿಗೆ ಕಾಣ್ತೈತ್ರಿ ನಿಮಗ?"

"ಏನೂ ಕಾಣೂದಿಲ್ರಿ."

"ಅಕ್ಷರ ಒಂಚೂರು ದಪ್ಪ ಮಾಡಿದ್ರ?"

"ಮನಿ ಗ್ವಾಡಿಯಷ್ಟು ದಪ್ಪ ಮಾಡಿದ್ರೂ ಇಲ್ರಿ."

ಆಗ ಅವರು, ಸ್ಕ್ರೀನ್ ರೀಡರಿಗೆ ಅನುಮತಿ ಕೊಡುವುದು ತಮ್ಮ ಕೈಯಲ್ಲಿಲ್ಲವೆಂದು ವಿವರಿಸಿದರು. ಪರದೆಯ ಮೇಲಿನದನ್ನೆಲ್ಲ ಓದುವುದು, ಯಾವ ಕೀಲಿ ಒತ್ತಿದರೂ ಗಮನಿಸುವುದು ಇವೆಲ್ಲ ಕಳ್ಳ ಸಾಫ್ಟ್‌ವೇರಿನ ಲಕ್ಷಣಗಳಂತೆ. ಹಾಗೆ ನೋಡಿದರೆ ಪರದೆಯ ಮುಂದೆ ಕೂತು ಓದುವ ನೀವೆಲ್ಲರೂ ಕಳ್ಳರೇ ಆದಿರಲ್ಲ ಎಂದು ಕೇಳಿದೆ. ಅವರು ನಕ್ಕರು. ಸಾಫ್ಟ್‌ವೇರ್ ಮಾರಿದವರಿಗೆ ದೂರು ಕೊಡುವುದಾಗಿ ಹೇಳಿ ಹೋದರು. ಆ ದೂರು ಕೊಡುವ ಪುಟದಲ್ಲಿ, ನೀವು ಯಂತ್ರವಲ್ಲ ಮನುಷ್ಯರು ಎಂದು ಸಾಬೀತು ಮಾಡಲು, ಚಿತ್ರ ನೋಡಿ ಬಸ್ಸುಗಳನ್ನು ಗುರುತಿಸಬೇಕಿತ್ತಂತೆ. ನನ್ನ ಪರವಾಗಿ ಅವರೇ ಗುರುತಿಸಿದ್ದಾಗಿ ಫೋನಿನಲ್ಲಿ ಹೆಮ್ಮೆಯಿಂದ ತಿಳಿಸಿದರು.

ಅಲ್ಲಿಯವರೆಗೆ ಕೆಲಸ ನಿಲ್ಲುವಂತಿರಲಿಲ್ಲ. ಮ್ಯಾನೇಜರ್ ಸಾಹೇಬರು ಗೋದಾಮಿನ ಗುಮಾಸ್ತರನ್ನು ನನ್ನ ಪಕ್ಕ ಕೂರಿಸಿ, ಪರದೆಯ ಮೇಲೆ ಬಂದದ್ದನ್ನು ನನಗೆ ಓದಿ ಹೇಳಲು ಒಪ್ಪಿಸಿದರು. ಗುಮಾಸ್ತರು ಬ್ಯಾಡಗಿಯವರು. ನಮ್ಮಲ್ಲಿಗೆ ಬರುವ ಮೊದಲು ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಲಾರಿ ಲೋಡು ಮಾಡಿಸುತ್ತಿದ್ದವರು. ಚೀಲಗಳ ರಾಶಿಯ ಆ ಬದಿಗೆ ಮುಟ್ಟಿಸಲು ಬೆಳೆಸಿದ ಕಂಠ ಅದು. ಮನಸ್ಸು ಬೆಣ್ಣೆ, ದನಿ ಮಾತ್ರ ತಗ್ಗುವುದೇ ಇಲ್ಲ.

"ಕುಪ್ಪೇಲೂರ, ಬದನಿ, ಪ್ಲಾಟ್ ನಂಬರು..." ಎಂದು ಅವರು ಶುರು ಮಾಡಿದರೆ ಮೇಜು ಅದುರುತ್ತಿತ್ತು. ರೈತನ ಹೆಸರು, ತಳಿಯ ಗುರುತು, ಗಂಡು ಸಾಲು ಎಷ್ಟು, ಹೆಣ್ಣು ಸಾಲು ಎಷ್ಟು, ಎಲ್ಲವನ್ನೂ ಹೊಟ್ಟೆಯಿಂದ ದನಿ ತೆಗೆದು ಓದುತ್ತಿದ್ದರು. ಮೆಲ್ಲಗೆ ಓದಿರಿ ಎಂದು ಕೇಳಿಕೊಂಡೆ. ಮೆಲ್ಲಗೆ ಎಂದರೆ ಸಾವಕಾಶ ಎಂದು ತಿಳಿದು, ಅದೇ ದನಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಸೆಖೆಯ ದಿನಗಳು. ನನ್ನ ಬೆನ್ನ ಹಿಂದಿನ ಕಿಟಕಿ ತೆರೆದೇ ಇತ್ತು, ಅದರಾಚೆ ಚಹಾದ ಅಂಗಡಿ. ಮ್ಯಾನೇಜರ್ ಸಾಹೇಬರಿಗೆ ಈ ಮಾತು ಹೇಳಿದೆ. ಕಂಪ್ಯೂಟರು ಈಗ ಭದ್ರವಾಗಿದೆ, ಚಿಂತೆ ಬೇಡ ಎಂದರು.

ಹೂವಿನ ಹಂಗಾಮು ನಡುವಿಗೆ ಬಂದಿದ್ದಾಗ ಕುಪ್ಪೇಲೂರಿನ ರೈತರೊಬ್ಬರ ಫೋನು ಬಂತು. ಬಹಳ ವರ್ಷಗಳಿಂದ ನಮಗೆ ಬದನೆ ಬೀಜ ಬೆಳೆಯುತ್ತಿದ್ದವರು.

"ಅಕ್ಕಾರ, ಬ್ಯಾರೆ ಕಂಪನಿಯವ್ರು ಒಬ್ಬರು ಬಂದಿದ್ರು. ನಮ್ಮ ಪ್ಲಾಟ್ ನಂಬರ್ ಸೈತ ಬಾಯಿಲೆ ಹೇಳಿದ್ರು. ನಿಮ್ಮ ಕಡೆ ಯಾರರ ಹೇಳ್ಯಾರೇನ್ರಿ?"

ಯಾರೋ ಒಬ್ಬರಿಗಲ್ಲ, ತೆರೆದ ಕಿಟಕಿಯಿಂದ ಓಣಿಗೆಲ್ಲ ಓದಿ ಹೇಳಿದ್ದೆವು. ಮರುದಿನ ಮೋಟೆಬೆನ್ನೂರಿನಿಂದಲೂ ಅಂಥದೇ ಫೋನು ಬಂತು.

ಮಾಲೀಕರು ಇಂಜಿನಿಯರನ್ನು ಕರೆದುಕೊಂಡು ಹಾವೇರಿಯಿಂದ ಓಡಿ ಬಂದರು. ಎಲ್ಲರೂ ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ಕೂತೆವು. ಇಂಜಿನಿಯರು ಸೆಕ್ಯುರಿಟಿ ಸಾಫ್ಟ್‌ವೇರಿನ ವರದಿ ತೆಗೆದು, ಇಷ್ಟು ದಿನಗಳಲ್ಲಿ ಆದ ದಾಳಿಗಳನ್ನೆಲ್ಲ ಅದು ತಡೆದಿದೆ ಎಂದರು. ಮಾಲೀಕರು ಗಾಬರಿಯಿಂದ ದಾಳಿ ಯಾವ ದೇಶದಿಂದ ಬಂತು ಎಂದು ಕೇಳಿದರು. ಇಂಜಿನಿಯರು ವರದಿ ಓದಿ ಹೇಳಿದರು. ದಾಳಿಗಳೆಲ್ಲ ನನ್ನ ಮೇಜಿನಿಂದಲೇ ಬಂದಿದ್ದವು. ನಾನು ಪ್ರತಿ ಬೆಳಿಗ್ಗೆ ಆಸೆಯಿಂದ ಸ್ಕ್ರೀನ್ ರೀಡರನ್ನು ಹಚ್ಚಿ ನೋಡುತ್ತಿದ್ದೆನಲ್ಲ, ಅವೇ.

ಅಷ್ಟರಲ್ಲಿ ಕಿಟಕಿಯಾಚೆಯ ಅಂಗಡಿಯ ಚಾಚಾ ಚಹಾ ಹಿಡಿದು ಒಳಗೆ ಬಂದರು. ಲೋಟ ಇಡುತ್ತ ಗುಮಾಸ್ತರನ್ನು ಅಕ್ಕರೆಯಿಂದ ವಿಚಾರಿಸಿದರು.

"ಏನ್ರಿ, ಎರಡ ದಿನ ಆತು ಕುಪ್ಪೇಲೂರಿನ ಸುದ್ದಿನ ಓದ್ಲಿಲ್ಲ? ಆ ಬದನಿ ಕ್ರಾಸಿಂಗ್ ಮುಗೀತೇನು?"

ಮಾಲೀಕರು ಮೆಲ್ಲಗೆ, ಅಂಗಡಿಯಲ್ಲಿ ಬೇರೆ ಕಂಪನಿಯವರು ಯಾರಾದರೂ ಕೂರುತ್ತಾರೆಯೇ ಎಂದು ಕೇಳಿದರು. ಎಲ್ಲ ಕಂಪನಿಯವರೂ ತಮ್ಮ ಗಿರಾಕಿಗಳೇ ಎಂದು ಚಾಚಾ ಖುಷಿಯಿಂದ ಹೇಳಿದರು. ಅದರಲ್ಲೂ ಇತ್ತೀಚೆಗೆ ಒಬ್ಬರು ಬೆಳಿಗ್ಗೆ ಬಂದರೆ ಊಟದ ಹೊತ್ತಿನವರೆಗೆ ಏಳುವುದಿಲ್ಲವಂತೆ. ಗುಮಾಸ್ತರು ಕುರ್ಚಿಯಲ್ಲಿ ಕುಗ್ಗಿದ ಸದ್ದು ನನಗೆ ಕೇಳಿಸಿತು. ಪಾಪ, ಅವರಿಗೆ ಕೊಟ್ಟ ಕೆಲಸವನ್ನು ಅವರು ಚೊಕ್ಕವಾಗಿ ಮಾಡಿದ್ದರು. ನನಗೆ ನಗು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಸರ್, ನನ್ನ ಕಿವಿಯಾಗ ಯಾರಿಗೂ ಕೇಳದಂಗ ಹೇಳ್ತಿತ್ತು, ಅದರ ಬಾಯಿ ಕಟ್ಟಿದ್ರಿ. ಊರಿಗೆಲ್ಲ ಕೇಳೂ ಬಾಯಿ ತಂದು ಕುಂದ್ರಿಸಿದ್ರಿ. ಇದಕ್ಕ ಸೆಕ್ಯುರಿಟಿ ಅಂತಾರೇನ್ರಿ?"

ತಮ್ಮ ಕೈಯಲ್ಲಿಲ್ಲದ ಅನುಮತಿ ಆ ಮಧ್ಯಾಹ್ನವೇ ಇಂಜಿನಿಯರ ಕೈಗೆ ಬಂತು. ಮಾಲೀಕರ ಎದುರಿಗೇ ಸಾಫ್ಟ್‌ವೇರ್ ಮಾರಿದವರಿಗೆ ಫೋನು ಹಚ್ಚಿದರು. ಅವರು ಹೇಳಿದ ಕಡೆ ಹುಡುಕಿದಾಗ ಒಂದು ಚೌಕ ಸಿಕ್ಕಿತು. ಅದರಲ್ಲಿ ಒಂದು ಟಿಕ್ ಹಾಕಿದರು, ಅಷ್ಟೇ. ನನ್ನ ಕಿವಿಯಲ್ಲಿ ಮಾತು ಹರಿಯಿತು. ಕಣ್ಣು ತುಂಬಿ ಬಂತು. ಆದರೆ ಅವರ ಮುಂದೆ ಅಳಬಾರದೆಂದು ಇಯರ್‌ಫೋನು ಸರಿಮಾಡುವ ನೆಪ ಮಾಡಿದೆ.

ಕುಪ್ಪೇಲೂರಿನ ರೈತರು ಮುಂದಿನ ಹಂಗಾಮಿಗೆ ಆ ಇನ್ನೊಂದು ಕಂಪನಿಗೇ ಬೆಳೆದರು. ಅವರನ್ನು ದೂರುವಂತಿರಲಿಲ್ಲ. ಮಾಲೀಕರು ಮಾತ್ರ ಬ್ಯಾಡಗಿಯಲ್ಲಿ ಹೊಸ ಗೋದಾಮು ಶುರುಮಾಡಿದಾಗ ಭಾಷಣದಲ್ಲಿ, ಅಂಧರಿಗೆಂದೇ ವಿಶೇಷ ಸೌಲಭ್ಯ ಮಾಡಿಕೊಟ್ಟ ಕಂಪನಿ ನಮ್ಮದು ಎಂದರು. ಇದ್ದದ್ದನ್ನು ಕಿತ್ತುಕೊಂಡು ತಿರುಗಿ ಕೊಟ್ಟರೆ ಅದಕ್ಕೆ ಸೌಲಭ್ಯ ಎನ್ನುತ್ತಾರೆಂದು ಅಂದು ತಿಳಿಯಿತು. ಜನ ಚಪ್ಪಾಳೆ ತಟ್ಟಿದರು.

ಟಿಕ್ಕಿನ ಆಯುಷ್ಯ ಸಾಫ್ಟ್‌ವೇರಿನ ಮುಂದಿನ ಅಪ್‌ಡೇಟಿನವರೆಗೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮತ್ತೆ ಕಿವಿ ಬರಿದಾಯಿತು. ಮ್ಯಾನೇಜರ್ ಸಾಹೇಬರು ಓದಲು ಯಾರನ್ನಾದರೂ ಕೂರಿಸುವುದಾಗಿ ಹೇಳಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಮಡಚಿಟ್ಟಿದ್ದ ಕೋಲು ಬಿಚ್ಚಿದೆ.

"ಯಾರೂ ಬ್ಯಾಡ್ರಿ. ಅದು ಮಾತಾಡಾಕ ಹತ್ತಿದ ಮ್ಯಾಲೆ ಫೋನ್ ಮಾಡ್ರಿ, ಬರ್ತೇನಿ."

ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಫೋನು ಬಂತು. ಹಾವೇರಿಯ ಇಂಜಿನಿಯರೇ ಮಾತಾಡಿ, ಸರಿಯಾಗಿದೆ, ದಯವಿಟ್ಟು ತಿರುಗಿ ಹೋಗಿರಿ ಎಂದರು. ಆಗಲಿ ಎಂದೆ. ಆಮೇಲೆ ಅಲ್ಲೇ ಹೋಟೆಲಿಗೆ ಹೋಗಿ ಕೂತು, ಮಂಡಕ್ಕಿ ಮಿರ್ಚಿ ತರಿಸಿಕೊಂಡು ಸಾವಕಾಶವಾಗಿ ತಿಂದೆ.